ಬಾವಿಕಟ್ಟೆ ಮರ ಮತ್ತು ದೇಶ

ಓದುಗರ ಪ್ರಶ್ನೆ: ಸರ್, ನಾನು ಕಾರವಾರದ ಹತ್ತಿರದ ಊರಿನವಳು. ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹತ್ತು ವರ್ಷದಿಂದ ಕವಿತೆ ಬರೆಯುತ್ತಿದ್ದೇನೆ, ಈಗ ಒಂದು ಕಾದಂಬರಿ ಶುರು ಮಾಡಿದ್ದೇನೆ. ನನ್ನ ಅಜ್ಜಿಯ ಅಪ್ಪ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಜೈಲಿಗೆ ಹೋಗಿ ಬಂದವರು. ಅದೇ ಅಜ್ಜಿಯ ಮನೆ, ಹಿತ್ತಲು ಮುಂದೆ ಒಂದು ಯೋಜನೆಗೆ ಹೋಯಿತು. ನನಗೆ ದೇಶದ ಮೇಲೆ ಪ್ರೀತಿಯಿದೆ, ಸಿಟ್ಟೂ ಇದೆ. ಆದರೆ ದೇಶದ ಬಗ್ಗೆ ಬರೆದರೆ ಭಾಷಣ ಆಗುತ್ತದೆ. ಬದುಕಿನ ಬಗ್ಗೆ ನಾನು ನಂಬಿದ್ದನ್ನು ಬರೆದರೆ ಉಪದೇಶ ಆಗುತ್ತದೆ. ದೊಡ್ಡ ಲೇಖಕರು ಇದನ್ನು ಹೇಗೆ ನಿಭಾಯಿಸಿದರು? ಇನ್ನೊಂದು ಸಣ್ಣ ಸಂಶಯ: ಅಜ್ಜಿಗೆ ಈಗ 87 ವರ್ಷ, ಅವರು ಆಡುವುದು ಕೊಂಕಣಿ. ಕನ್ನಡ ಕಾದಂಬರಿಯಲ್ಲಿ ಅವರು ಯಾವ ಭಾಷೆ ಆಡಬೇಕು? ಒಂದು ಪುಟ ಕಳಿಸಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ನಿಮ್ಮ ಪುಟವನ್ನು ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಅಜ್ಜಿ ಜಗಲಿಯಲ್ಲಿ ಕೂತು ಮೊಮ್ಮಗಳಿಗೆ ದೇಶ ಅಂದರೇನು, ತ್ಯಾಗ ಅಂದರೇನು ಎಂದು ಹೇಳುತ್ತಾರೆ. ಮಾತುಗಳು ಒಳ್ಳೆಯವೇ. ಆದರೆ 87 ವರ್ಷದ ಒಬ್ಬ ಹೆಂಗಸು ಕೈಯಲ್ಲಿ ಏನೂ ಕೆಲಸವಿಲ್ಲದೆ ಅಷ್ಟು ಹೊತ್ತು ತ್ಯಾಗದ ಬಗ್ಗೆ ಮಾತಾಡುವುದನ್ನು ನಾನು ನಮ್ಮ ಜಿಲ್ಲೆಯಲ್ಲಿ ಎಲ್ಲೂ ಕಂಡಿಲ್ಲ. ಅದು ನಿಮ್ಮ ದನಿ. ಅಜ್ಜಿಯ ಬಾಯಿಯನ್ನು ನೀವು ಎರವಲು ತಂದಿದ್ದೀರಿ.

ಆದರೆ ಪುಟದ ಕೊನೆಗೆ ಸುಮ್ನೆ ಬಂದು ಹೋಗುವ ಒಂದು ಸಾಲಿದೆ. ಸರ್ವೆಯವರು ಪರಿಹಾರದ ಲೆಕ್ಕಕ್ಕಾಗಿ ತೆಂಗಿನ ಮರಗಳಿಗೆ ಬಣ್ಣದಲ್ಲಿ ನಂಬರ್ ಬರೆದರು. ಬಾವಿಯ ಪಕ್ಕದ ಮರಕ್ಕೆ 14 ಬಂತು. ಅಜ್ಜಿ ಮಾತ್ರ ಈಗಲೂ ಅದನ್ನು ‘ಬಾವಿಕಟ್ಟೆ ಮರ’ ಎಂದೇ ಕರೆಯುತ್ತಾರೆ. ಈ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ. ಮೇಲಿನ ಅಷ್ಟೂ ಮಾತು ಹೇಳಲಾರದ್ದನ್ನು ಈ ಮರ ಹೇಳಿಬಿಟ್ಟಿದೆ. ಯಾಕೆ ಅಂತ ನೋಡೋಣ, ಆಗ ನಿಮ್ಮ ದೊಡ್ಡ ಪ್ರಶ್ನೆಗೂ ದಾರಿ ಸಿಗುತ್ತದೆ.

ನಾನು ಓದಿದ್ದರಲ್ಲಿ, ಪಾಠ ಮಾಡಿದ್ದರಲ್ಲಿ ನನಗೆ ಕಂಡದ್ದು ಇಷ್ಟು. ಒಬ್ಬ ಲೇಖಕ ಏನನ್ನು ನಂಬುತ್ತಾನೆ ಎಂದು ಅವನು ಹೇಳಿದಾಗ ನಮಗೆ ಗೊತ್ತಾಗುತ್ತದೆ, ಮನಸ್ಸಿಗೆ ತಾಗುವುದಿಲ್ಲ. ಆ ನಂಬಿಕೆಗೆ ಯಾರು ಏನು ಬೆಲೆ ಕೊಟ್ಟರು ಎಂದು ಕಂಡಾಗ ತಾಗುತ್ತದೆ. ದೇಶದ ವಿಚಾರದಲ್ಲೂ ಇದೇ, ಸ್ವಂತ ತತ್ವದ ವಿಚಾರದಲ್ಲೂ ಇದೇ.

ನಿಮ್ಮ ಊರಿನಿಂದಲೇ ಶುರು ಮಾಡುತ್ತೇನೆ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಹೆಸರು ಎಲ್ಲರಿಗೂ ಗೊತ್ತು. ಅವರು ಅಲ್ಲಿ ಏನು ಬರೆದರು ಎಂಬ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮನಿಗೆ ಆಗ 22 ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದರು. ಶಿವಾಜಿಯ ಕಾಲದ ಒಂದು ಬೆಟ್ಟದ ಕೋಟೆಯ ಹತ್ತಿರ ಇಳಿದರು. ಒಬ್ಬ ರೈತನ ಮನೆಯ ಅಂಗಳದಲ್ಲಿ ಕೂತು ಉಂಡರು. ತಿರುಗಿ ಬರುವಾಗ ಅಳಿವೆಯ ಹತ್ತಿರ ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆಗೆ ಬಂದರು. ಆ ರಾತ್ರಿ ಹುಡುಗನಿಗೆ ನಿದ್ದೆ ಬರಲಿಲ್ಲ. ಇದೆಲ್ಲ ಅವರೇ ತಮ್ಮ ನೆನಪುಗಳಲ್ಲಿ ಬರೆದದ್ದು.

ಆ ದಿನಗಳಲ್ಲೇ ಕಾರವಾರದಲ್ಲಿ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಪ್ರಕೃತಿಯ ಸೇಡು ಎಂದು ಅರ್ಥ. ಒಬ್ಬ ಸಂನ್ಯಾಸಿ. ಪ್ರೀತಿ, ಮಮತೆ ಎಲ್ಲ ಬಂಧನ, ಅದನ್ನೆಲ್ಲ ಕಡಿದುಕೊಂಡು ಗೆದ್ದೆ ಎಂದು ನಂಬಿದವನು. ಅವನ ಹತ್ತಿರ ಒಬ್ಬ ಅನಾಥ ಹುಡುಗಿ ಬರುತ್ತಾಳೆ. ಊರವರು ಮುಟ್ಟಿಸಿಕೊಳ್ಳದ ಮನೆಯ ಹುಡುಗಿ. ಅವಳು ವಾದ ಮಾಡುವುದಿಲ್ಲ. ಸುಮ್ನೆ ಪಕ್ಕದಲ್ಲಿ ಕೂರುತ್ತಾಳೆ, ಅಪ್ಪ ಅನ್ನುತ್ತಾಳೆ. ಸಂನ್ಯಾಸಿಗೆ ಭಯವಾಗುತ್ತದೆ. ತನ್ನ ತಪಸ್ಸು ಕರಗುತ್ತಿದೆ ಎಂದು ಅವಳನ್ನು ಬಿಟ್ಟು ಓಡುತ್ತಾನೆ. ಆಮೇಲೆ ಇರಲಾರದೆ ದಂಡ, ಭಿಕ್ಷಾಪಾತ್ರೆ ಒಡೆದು ಹಾಕಿ ತಿರುಗಿ ಬರುತ್ತಾನೆ. ಅಷ್ಟರಲ್ಲಿ ಹುಡುಗಿ ಸತ್ತುಹೋಗಿರುತ್ತಾಳೆ.

ಈಗ ಟ್ಯಾಗೋರರ ತತ್ವವೇನು ಅಂತ ಕೇಳಿ. ಅನಂತವಾದದ್ದು ಎಲ್ಲೋ ದೂರದಲ್ಲಿಲ್ಲ, ಈ ಸಣ್ಣ ಬದುಕಿನ ಒಳಗೇ ಸಿಗಬೇಕು ಎಂಬುದು. ಇದನ್ನು ಅವರು ಸ್ಪಷ್ಟ ಗದ್ಯದಲ್ಲಿ ಬರೆದದ್ದು ಯಾವಾಗ? ತಮ್ಮ 50ರ ಹೊತ್ತಿಗೆ, ನೆನಪುಗಳನ್ನು ಬರೆಯುವಾಗ. ಆ ನಾಟಕ ತನ್ನ ಮುಂದಿನ ಬರಹಗಳಿಗೆಲ್ಲ ಮುನ್ನುಡಿಯಂತಿತ್ತು ಎಂದು ಆಗ ಅವರಿಗೆ ಕಂಡಿತು. 22ರಲ್ಲಿ ಅವರ ಕೈಯಲ್ಲಿ ಇದ್ದದ್ದು ಒಬ್ಬ ಸಂನ್ಯಾಸಿ, ಒಬ್ಬಳು ಹುಡುಗಿ, ತಡವಾಗಿ ತಿರುಗಿ ಬಂದ ಒಂದು ದಾರಿ. ಕಥೆ ಮೊದಲು ಬಂತು, ತತ್ವದ ಹೆಸರು 28-29 ವರ್ಷ ಬಿಟ್ಟು ಬಂತು. ನೀವು ಇದನ್ನು ತಿರುವುಮುರುವು ಮಾಡುತ್ತಿದ್ದೀರಿ. ತತ್ವ ಸಿದ್ಧವಾಗಿದೆ, ಅದಕ್ಕೆ ಅಜ್ಜಿ ಬೇಕಾಗಿದ್ದಾರೆ.

ಇನ್ನೊಂದು ಗಮನಿಸಿ. ಸಂನ್ಯಾಸಿ ದಡ್ಡನಲ್ಲ, ಕೆಟ್ಟವನೂ ಅಲ್ಲ. ಅವನ ವಾದಕ್ಕೆ ಟ್ಯಾಗೋರರು ಪೂರ್ತಿ ಬಲ ಕೊಟ್ಟಿದ್ದಾರೆ. ತಾವು ಒಪ್ಪದ ವಿಚಾರಕ್ಕೇ ನಾಟಕದ ಜಾಸ್ತಿ ಮಾತು ಕೊಟ್ಟಿದ್ದಾರೆ. ತಮ್ಮ ವಿಚಾರವನ್ನು ವಾದ ಮಾಡಲು ಬಾರದ, ಬಡ, ಚಿಕ್ಕ ಹುಡುಗಿಯ ಕೈಗೆ ಕೊಟ್ಟರು. ಇದಕ್ಕೆ ಧೈರ್ಯ ಬೇಕು.

ದೇಶದ ವಿಚಾರಕ್ಕೆ ಬಂದಾಗಲೂ ಅವರು ಇದೇ ದಾರಿ ಹಿಡಿದರು. 1910ರಲ್ಲಿ ಪುಸ್ತಕವಾಗಿ ಬಂದ ‘ಗೋರಾ’ ಓದಿದ್ದೀರಿ ಅಂದುಕೊಳ್ಳುತ್ತೇನೆ. ಇಲ್ಲದಿದ್ದರೆ ಈ ಮಳೆಗಾಲದಲ್ಲಿ ಓದಿ. ಗೋರಾ ಆಚಾರದಲ್ಲಿ ಕಟ್ಟುನಿಟ್ಟು, ದೇಶ ಎಂದರೆ ಪ್ರಾಣ. ತಾಯಿಯ ಕೋಣೆಯಲ್ಲಿ ಕ್ರೈಸ್ತ ಕೆಲಸದವಳು ಲಛಮಿಯಾ ಇದ್ದಾಳೆ ಎಂದು ಅವನು ಅಲ್ಲಿ ಊಟ ಮಾಡುವುದಿಲ್ಲ. ಕೊನೆಗೆ ಗೊತ್ತಾಗುತ್ತದೆ, ಅವನು 1857ರ ದಂಗೆಯ ಸಮಯದಲ್ಲಿ ಹುಟ್ಟಿದ ಒಬ್ಬ ಐರಿಷ್‌ನವನ ಮಗ. ಯಾವ ಆಚಾರಕ್ಕಾಗಿ ಅಷ್ಟು ಹೋರಾಡಿದ್ದನೋ ಅದರಲ್ಲಿ ಅವನಿಗೇ ಜಾಗವಿಲ್ಲ. ಎಲ್ಲ ಕಳೆದುಕೊಂಡ ಆ ದಿನ ಅವನು ತಾಯಿಯ ಹತ್ತಿರ ಬಂದು ಕೇಳುವುದೇನು? ಲಛಮಿಯಾಳ ಕೈಯಿಂದ ಒಂದು ಲೋಟ ನೀರು ತರಿಸು ಎಂದು. ಅಷ್ಟು ದಪ್ಪ ಕಾದಂಬರಿ, ಪುಟಗಟ್ಟಲೆ ದೇಶದ ಚರ್ಚೆ. ನನಗೆ ಮೂವತ್ತು ವರ್ಷ ಬಿಟ್ಟೂ ನೆನಪಿರುವುದು ಆ ಒಂದು ಲೋಟ ನೀರು.

ಚರ್ಚೆ ಬೇಡ ಎಂದು ನಾನು ಹೇಳುತ್ತಿಲ್ಲ. ಗೋರಾದಲ್ಲಿ ಚರ್ಚೆ ಬೇಕಾದಷ್ಟಿದೆ. ಆದರೆ ಅದು ಜಗಳ. ಎರಡೂ ಕಡೆಯವರು ಗೆಲ್ಲಬೇಕು ಎಂದೇ ಮಾತಾಡುತ್ತಾರೆ. ನಿಮ್ಮ ಪುಟದಲ್ಲಿ ಅಜ್ಜಿ ಹೇಳುತ್ತಾರೆ, ಮೊಮ್ಮಗಳು ತಲೆಯಾಡಿಸುತ್ತಾಳೆ. ಎದುರು ಮಾತಾಡುವವರೇ ಇಲ್ಲ. ಅದಕ್ಕೇ ಅದು ಭಾಷಣ.

ಈಗ ಘಟ್ಟ ಹತ್ತಿ ನಮ್ಮ ಕಡೆ ಬನ್ನಿ. ಶಿರಸಿಯಿಂದ ಬನವಾಸಿ ಹತ್ತಿರವೇ. ‘ದೇಶ’ ಎಂಬ ಮಾತನ್ನು ಕನ್ನಡದಲ್ಲಿ ಇಷ್ಟು ಪ್ರೀತಿಯಿಂದ ಬಳಸಿದ ಕವಿತೆಗಳಲ್ಲಿ ಪಂಪನದು ಬಹಳ ಹಳೆಯದು. 941ರ ಹೊತ್ತಿನ ಕಾವ್ಯ. ಅವನು ‘ಬನವಾಸಿ ದೇಶ’ ಅನ್ನುತ್ತಾನೆ. ಭೂಪಟದಲ್ಲಿ ಇವತ್ತು ಬನವಾಸಿ ಒಂದು ತಾಲೂಕಿನೊಳಗಿನ ಊರು. ಆದರೆ ಆ ಪದ್ಯದಲ್ಲಿ ಏನೇನು ಇದೆ ನೋಡಿ. ತೆಂಕಣ ಗಾಳಿ ಮೈಗೆ ಸೋಂಕುವುದು, ಒಳ್ಳೆಯ ಮಾತು ಕಿವಿಗೆ ಬೀಳುವುದು, ಇಂಪಾದ ಹಾಡು, ಅರಳಿದ ಮಲ್ಲಿಗೆ, ವಸಂತದ ಹಬ್ಬ. ಇವುಗಳಲ್ಲಿ ಯಾವುದು ಎದುರಾದರೂ, ಯಾರು ಅಂಕುಶ ಇಟ್ಟು ತಡೆದರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎಂಬುದು ಆ ಮಾತು.

ಆ ಅಂಕುಶದ ಬಗ್ಗೆ ತರಗತಿಯಲ್ಲಿ ನಾನು ಪ್ರತಿವರ್ಷ ನಿಂತು ಮಾತಾಡುತ್ತಿದ್ದೆ. ಅದು ಆನೆಯ ತಲೆಗೆ ಚುಚ್ಚುವ ಕಬ್ಬಿಣ. ಮಲ್ಲಿಗೆ, ಹಾಡು, ಗಾಳಿ ಇಷ್ಟೇ ಇದ್ದಿದ್ದರೆ ಅದೊಂದು ಚಂದದ ವರ್ಣನೆ ಆಗುತ್ತಿತ್ತು. ಅಂಕುಶ ಬಂದಕೂಡಲೇ ನೋವು ಬಂತು. ನೆನಪನ್ನು ತಡೆಯುವವರು ಇದ್ದಾರೆ, ಚುಚ್ಚಿದರೂ ಮನಸ್ಸು ಆ ಕಡೆಗೇ ಎಳೆಯುತ್ತದೆ ಎಂದಾಯಿತು. ಪಂಪ ಇದ್ದದ್ದು ದೂರದ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ. ಆ ಮಾತನ್ನು ತನ್ನ ಬಾಯಿಂದ ಹೇಳದೆ, ತಿರುಗಾಟಕ್ಕೆ ಹೊರಟ ಅರ್ಜುನನ ಬಾಯಲ್ಲಿ ಇಟ್ಟ. ನೀವೂ ಅಜ್ಜಿಯ ಬಾಯಲ್ಲಿ ನಿಮ್ಮ ಮಾತು ಇಟ್ಟಿರಿ, ಅವನೂ ಇಟ್ಟ. ಹಾಗಾದರೆ ವ್ಯತ್ಯಾಸವೇನು ಎಂದು ನೀವು ಕೇಳಬಹುದು. ಪಂಪ ಅರ್ಜುನನಿಗೆ ತನ್ನ ಅಭಿಪ್ರಾಯ ಕೊಡಲಿಲ್ಲ, ತನ್ನ ಹಂಬಲ ಕೊಟ್ಟ. ಹಂಬಲ ಯಾರ ಬಾಯಲ್ಲೂ ಹೊಂದುತ್ತದೆ. ಅಭಿಪ್ರಾಯಕ್ಕೆ ಆ ಮನುಷ್ಯನ ಓದು, ವಯಸ್ಸು, ಕೆಲಸ ಎಲ್ಲ ಹೊಂದಬೇಕು.

ಅದೇ ದೂರದ ಹಂಬಲ ಸಾವಿರ ವರ್ಷ ಬಿಟ್ಟು ನಮ್ಮ ಕರಾವಳಿಯಲ್ಲಿ ಮತ್ತೆ ಕಾಣುತ್ತದೆ. ಯಶವಂತ ಚಿತ್ತಾಲರು ಮುಂಬೈಯಲ್ಲಿ ಕಾರ್ಖಾನೆ, ಕಂಪನಿಗಳ ನಡುವೆ ಬದುಕಿದವರು. ಕಥೆ ಬರೆಯಲು ಕೂತರೆ ಗೋಕರ್ಣದ ಹತ್ತಿರದ ಹನೇಹಳ್ಳಿ. ಹನೇಹಳ್ಳಿಯ ದಣಪೆ, ಓಣಿ, ಗಂಜಿ ಊಟ, ಅಲ್ಲಿಯ ಭಯಗಳು. ಮನುಷ್ಯನ ಒಳಗಿನ ಭಯದ ಬಗ್ಗೆ ಅವರಿಗೆ ಆಳವಾದ ವಿಚಾರಗಳಿದ್ದವು. ‘ಶಿಕಾರಿ’ಯಲ್ಲಿ ಅದನ್ನೆಲ್ಲ ಹೊರುವವನು ನಾಗಪ್ಪ. ವಿಚಾರ ಅವನ ಬೆನ್ನು ಹತ್ತುತ್ತದೆ, ನಿದ್ದೆ ಕೆಡಿಸುತ್ತದೆ, ಕೆಲಸಕ್ಕೆ ಕುತ್ತು ತರುತ್ತದೆ. ಅದನ್ನು ಬಾಯಿಪಾಠ ಒಪ್ಪಿಸುವಷ್ಟು ಪುರುಸೊತ್ತು ಅವನಿಗೆಲ್ಲಿ?

ಕವಿತೆಯ ಮಾತು ಬೇರೆ. ಕವಿತೆಯಲ್ಲಿ ಎದುರಾಳಿಯನ್ನು ತಂದು ನಿಲ್ಲಿಸಲು ಜಾಗವಿಲ್ಲ. ಅಲ್ಲಿ ಬೆಲೆ ಒಂದೇ ಚಿತ್ರದಲ್ಲಿ ಬರಬೇಕು. ಇದಕ್ಕೆ ಅಂಕೋಲೆಯ ದಿನಕರ ದೇಸಾಯಿಯವರಿಗಿಂತ ಹತ್ತಿರದ ಉದಾಹರಣೆ ನನಗಿಲ್ಲ. ಅವರ ಚುಟುಕುಗಳು ಎಲ್ಲರಿಗೂ ಬಾಯಿಗೆ ಬರುತ್ತವೆ. ಆದರೆ ನಾನು ಹೇಳುವುದು ತಮ್ಮ ಸಾವಿನ ಬಗ್ಗೆ ಅವರು ಬರೆದ ಪದ್ಯ. ನನ್ನ ದೇಹದ ಬೂದಿಯನ್ನು ಗಾಳಿಯಲ್ಲಿ ತೂರಿ, ಅದು ಭತ್ತ ಬೆಳೆಯುವಲ್ಲಿ ಹೋಗಿ ಬೀಳಲಿ ಎಂದು ಶುರುವಾಗುತ್ತದೆ. ಮುಂದೆ ಹೊಳೆಗೆ ಬಿಡಿ, ಮೀನು ತಿಂದು ಪುಷ್ಟವಾಗಲಿ ಎನ್ನುತ್ತದೆ. ಭತ್ತ, ಮೀನು. ಕರಾವಳಿಯ ಬಡವರ ಬಟ್ಟಲಲ್ಲಿ ಇರುವ ಎರಡೇ ವಸ್ತು. ಬೂದಿ ಗೊಬ್ಬರವಾಗಿ ಆ ಬಟ್ಟಲಿಗೆ ತಿರುಗಿ ಬರುತ್ತದೆ. ಬದುಕು, ಸಾವು, ಜನರ ಸೇವೆ ಇವುಗಳ ಬಗ್ಗೆ ಅವರ ಪೂರ್ತಿ ತತ್ವ ಅಲ್ಲಿದೆ. ದೇಶವೂ ಅಲ್ಲಿದೆ, ಆದರೆ ‘ದೇಶ’ ಎಂಬ ಮಾತಿಗೆ ಅಲ್ಲಿ ಕೆಲಸವೇ ಬೀಳಲಿಲ್ಲ.

ಆ ಪದ್ಯ ನಂಬಿಕೆಗೆ ಅರ್ಹವಾಗುವುದು ಅದನ್ನು ಬರೆದವರ ಬದುಕಿನಿಂದಲೂ ಹೌದು. ಜಿಲ್ಲೆಯ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿತ್ತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಅದರ ಶಾಲೆಗಳಲ್ಲಿ ಕಲಿತವರು ನಿಮ್ಮ ಮನೆಯ ಸುತ್ತಮುತ್ತಲೇ ಇದ್ದಾರು. ಭತ್ತದ ಗದ್ದೆಗಾಗಿ ಊರು ಬಿಡಬೇಕಾದವರು ಭತ್ತದ ಗದ್ದೆಗೇ ಬೂದಿ ಕೊಡಿ ಅನ್ನುತ್ತಾರೆ.

ನಾನೂ ಒಂದು ಕಾಲದಲ್ಲಿ ನಿಮ್ಮ ಹಾಗೇ ಬರೆದವನು. 1997ರಲ್ಲಿ ಸ್ವಾತಂತ್ರ್ಯದ ಐವತ್ತನೇ ವರ್ಷ. ಸಿದ್ದಾಪುರ ಕಡೆಯ ಒಂದು ಊರಿನಲ್ಲಿ ಸಮಾರಂಭವಿತ್ತು, ನನ್ನನ್ನು ಕವಿತೆ ಓದಲು ಕರೆದಿದ್ದರು. ತ್ರಿವರ್ಣ, ಹಿಮಾಲಯ, ಗಂಗೆ, ನೆತ್ತರು ಎಲ್ಲ ಹಾಕಿ ಎರಡು ಪುಟ ಬರೆದೆ. ಚೆನ್ನಾಗಿ ಓದಿದೆ, ಚಪ್ಪಾಳೆಯೂ ಬಿತ್ತು. ಮುಂದಿನ ಸಾಲಲ್ಲಿ ಒಬ್ಬ ಹಿರಿಯರು ಕೂತಿದ್ದರು. 1932ರ ಕರನಿರಾಕರಣೆಯ ಹೊತ್ತಿಗೆ ಅವರು ಚಿಕ್ಕ ಹುಡುಗ. ಸಿದ್ದಾಪುರ, ಅಂಕೋಲೆಯ ರೈತರು ಕಂದಾಯ ಕೊಡುವುದಿಲ್ಲ ಎಂದು ನಿಂತದ್ದು, ಸರಕಾರ ಜಮೀನು, ಸಾಮಾನು ಜಪ್ತಿ ಮಾಡಿದ್ದು ನಿಮಗೆ ಗೊತ್ತಲ್ಲ. ಕಾರ್ಯಕ್ರಮ ಮುಗಿದ ಮೇಲೆ ಆ ಹಿರಿಯರು ನನ್ನ ಕೈ ಹಿಡಿದು, “ಮಾಸ್ತರೇ, ಎಲ್ಲ ಚಲೋ ಇತ್ತು. ಆದರೆ ನಮ್ಮನೆ ಎತ್ತಿನ ಸುದ್ದಿ ಬರಲಿಲ್ಲ” ಎಂದರು. ಅವರ ಮನೆಯ ಎರಡು ಎತ್ತುಗಳನ್ನು ಜಪ್ತಿ ಮಾಡಿ ಒಯ್ದಿದ್ದರಂತೆ. ಒಂದು ಎತ್ತು ದಾರಿಯ ತಿರುವಿನಲ್ಲಿ ನಿಂತು ಮನೆಯ ಕಡೆ ನೋಡಿತಂತೆ. ಆ ವರ್ಷ ಗದ್ದೆ ಹೂಡಲು ಅಪ್ಪ, ದೊಡ್ಡಪ್ಪ ನೊಗಕ್ಕೆ ಹೆಗಲು ಕೊಟ್ಟರಂತೆ. ಅವರು ಇದನ್ನು ನನ್ನ ಮೇಲಿನ ಬೇಸರದಿಂದ ಹೇಳಲಿಲ್ಲ. ನಿಜವಾಗಿಯೂ ಎತ್ತಿನ ಸುದ್ದಿ ಬರುತ್ತದೆ ಎಂದು ಕಾದು ಕೂತಿದ್ದರು. ಅವತ್ತಿನಿಂದ ನಾನು ಹಿಮಾಲಯ ಬರೆದಿಲ್ಲ. ನಾನು ಹಿಮಾಲಯ ನೋಡಿಯೂ ಇರಲಿಲ್ಲ.

ನಿಮ್ಮ ಮುತ್ತಜ್ಜನ ವಿಚಾರದಲ್ಲಿ ಈ ಎಚ್ಚರ ಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದದ್ದು, ಗುಜರಾತಿನ ಕರನಿರಾಕರಣೆಯ ಊರು ಬಾರ್ಡೋಲಿಯ ನೆನಪಿಗೆ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಪಠ್ಯಪುಸ್ತಕದಲ್ಲೇ ಸಿಗುತ್ತದೆ. ಕಾದಂಬರಿಗೆ ಬೇಕಾದದ್ದು ಬೇರೆ. ಅವರು ಮಾಡಿದ ಉಪ್ಪು ಯಾವ ಪಾತ್ರೆಯಲ್ಲಿತ್ತು? ಸಮುದ್ರದ ನೀರು ಕುದಿಸಿದ ಉಪ್ಪು ಕಹಿಯಾಗಿತ್ತಾ? ಆ ಉಪ್ಪು ಹಾಕಿ ಮನೆಯಲ್ಲಿ ಅಡುಗೆ ಮಾಡಿದರಾ, ಇಲ್ಲಾ ದೇವರ ಕೋಣೆಯಲ್ಲಿ ಇಟ್ಟರಾ? ಅವರು ಜೈಲಿನಲ್ಲಿದ್ದಾಗ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ ಕೊಯ್ದವರು ಯಾರು? ಅಜ್ಜಿಗೆ ಇವುಗಳಲ್ಲಿ ಒಂದೆರಡಾದರೂ ಕೇಳಿ ಗೊತ್ತಿರುತ್ತದೆ. ಇದನ್ನು ಚೆನ್ನಾಗಿ ಮಾಡಿದವರು ಶಿವರಾಮ ಕಾರಂತರು. ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಚಳವಳಿಗೆ ಹೋಗುತ್ತಾನೆ, ಜೈಲಿಗೂ ಹೋಗುತ್ತಾನೆ. ಆದರೆ ಓದುವ ನಮ್ಮ ಕಣ್ಣು ಮನೆಯಲ್ಲಿ ಉಳಿದ ತಾಯಿ ನಾಗವೇಣಿಯ ಮೇಲೆ. ಅದಕ್ಕೂ ಹಿಂದೆ ಆ ಮನೆಯನ್ನು ಹೊತ್ತು ಸವೆದ ಪಾರೋತಿ, ಸರಸೋತಿಯರ ಮೇಲೆ. ಮಣ್ಣಿನ ಬಗ್ಗೆ ಕಾರಂತರಿಗೆ ಏನನ್ನಿಸಿತ್ತು ಎಂಬುದು ಆ ಹೆಂಗಸರ ದುಡಿಮೆಯಲ್ಲೇ ಇದೆ.

ನಿಮ್ಮ ಸಿಟ್ಟಿನ ಮಾತಿಗೆ ಬರುತ್ತೇನೆ. ಪ್ರೀತಿ ಮತ್ತು ಸಿಟ್ಟು ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟರೆ ತಪ್ಪೇನೂ ಇಲ್ಲ, ಹೆದರಬೇಡಿ. 1911ರಲ್ಲಿ ‘ಜನಗಣಮನ’ ಬರೆದ ಕೈಯೇ ಐದಾರು ವರ್ಷದಲ್ಲಿ ಜಪಾನ್, ಅಮೆರಿಕಗಳಲ್ಲಿ ರಾಷ್ಟ್ರೀಯತೆಯ ಹುಚ್ಚಿನ ವಿರುದ್ಧ ಉಪನ್ಯಾಸ ಬರೆದು ಓದಿತು. ಜಲಿಯನ್‌ವಾಲಾಬಾಗ್ ಆದ ಮೇಲೆ ಸರ್ ಪದವಿ ತಿರುಗಿ ಕೊಟ್ಟಿತು. ಗೋಪಾಲಕೃಷ್ಣ ಅಡಿಗರು ಹೊಸ ನಾಡು ಕಟ್ಟುತ್ತೇವೆ ಎಂದು ಹುರುಪಿನಿಂದ ಹಾಡಿದವರು. ಸ್ವಾತಂತ್ರ್ಯ ಬಂದ ಮೇಲೆ ಅವರ ಕವಿತೆಯ ದನಿಯೇ ಬದಲಾಯಿತು, ಕಹಿಯಾಯಿತು. ಮೊದಲಿನ ಹಾಡನ್ನು ಅವರು ನಿಜವಾಗಿ ನಂಬಿದ್ದರು, ಅದಕ್ಕೇ ಮುಂದಿನ ಕಹಿಗೆ ತೂಕ ಬಂತು ಎಂದು ನನ್ನ ಓದು.

ಆದರೆ ಒಂದು ಮಾತು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಿಮ್ಮ ಸಿಟ್ಟಿನಲ್ಲಿ ಎರಡು ಬಗೆ ಇದೆ. ಪರಿಹಾರ ಸಾಕಷ್ಟು ಬರಲಿಲ್ಲ, ಕಡತ ತಡವಾಯಿತು ಎಂಬುದು ಒಂದು. ಅದಕ್ಕೆ ಅರ್ಜಿ ಬರೆಯಿರಿ, ಪತ್ರಿಕೆಗೆ ಲೇಖನ ಬರೆಯಿರಿ, ಜನರನ್ನು ಕೂಡಿಸಿ. ಕಾರಂತರಿಗೆ ಕೈಗಾ ಅಣುಸ್ಥಾವರದ ಬಗ್ಗೆ ಸಿಟ್ಟು ಬಂದಾಗ ಕಾದಂಬರಿಯ ಪಾತ್ರದ ಕೈಲಿ ಭಾಷಣ ಮಾಡಿಸುತ್ತ ಕೂರಲಿಲ್ಲ. 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತರು, ಆ ಇಳಿವಯಸ್ಸಿನಲ್ಲಿ. ಸೋತರು, ಅದು ಬೇರೆ. ಎರಡನೆಯ ಬಗೆಯ ಸಿಟ್ಟು ಯಾವ ಅರ್ಜಿಯಲ್ಲೂ ಹಿಡಿಸುವುದಿಲ್ಲ. ಅಪ್ಪ ದೇಶ ಬರಲಿ ಎಂದು ಜೈಲಿಗೆ ಹೋದರು. ದೇಶ ಬಂತು. ಬಂದ ದೇಶವೇ ಮಗಳ ಬಾವಿಕಟ್ಟೆ ಕೇಳಿತು. ಮಗಳಿಗೆ ಇಲ್ಲ ಎನ್ನಲೂ ಮನಸ್ಸಿಲ್ಲ, ಕೊಡಲೂ ಮನಸ್ಸಿಲ್ಲ. ಇದು ಕಾದಂಬರಿಯ ಸಿಟ್ಟು. ಇದನ್ನು ಬೇರೆ ಎಲ್ಲೂ ಬರೆಯಲು ಬರುವುದಿಲ್ಲ.

ಕಾಳಿ ನದಿಯ ಅಣೆಕಟ್ಟು, ಕೈಗಾ, ಸೀಬರ್ಡ್ ನೌಕಾನೆಲೆ ಎಂದು ನಮ್ಮ ಜಿಲ್ಲೆ ಮತ್ತೆ ಮತ್ತೆ ಜಾಗ ಬಿಟ್ಟುಕೊಟ್ಟಿದೆ. ಹೀಗಾಗಿ ಇಲ್ಲಿಯ ದೇಶಪ್ರೇಮಕ್ಕೆ ಬೇರೆ ಕಡೆ ಇಲ್ಲದ ಒಂದು ಒಗರು ಇದೆ. ಅದನ್ನು ಸಿಹಿ ಮಾಡಲು ಹೋಗಬೇಡಿ. ಬರೀ ಕಹಿ ಮಾಡಲೂ ಹೋಗಬೇಡಿ. ನಿರಾಶ್ರಿತರ ಕಾಲೊನಿಯಲ್ಲೂ ಆಗಸ್ಟ್ 15ಕ್ಕೆ ಧ್ವಜ ಏರುತ್ತದೆ, ಮಕ್ಕಳಿಗೆ ಚಾಕಲೇಟ್ ಹಂಚುತ್ತಾರೆ. ಅಜ್ಜಿ ಅವತ್ತು ಏನು ಮಾಡುತ್ತಾರೆ ಎಂದು ನೀವು ಬರೆದಿಲ್ಲ. ನನಗೆ ತಿಳಿಯಬೇಕು ಅನ್ನಿಸಿತು.

ಈಗ ನಿಮ್ಮ ಪುಟವನ್ನು ಕೈಗೆ ತೆಗೆದುಕೊಳ್ಳೋಣ. ನಾನಾದರೆ ಜಗಲಿಯ ಮಾತನ್ನೆಲ್ಲ ಹೊಡೆದು ಹಾಕಿ ನಂಬರ್ ಬರೆದ ದಿನದಿಂದಲೇ ಶುರು ಮಾಡುತ್ತೇನೆ. ಬಣ್ಣದ ಡಬ್ಬಿ ಹಿಡಿದು ಬಂದವನನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ‘ಕಲ್ಲು ಮನಸ್ಸಿನವನು’ ಎಂದು. ಹಾಗೆ ಮಾಡಬೇಡಿ. ಅವನೇ ನಿಮ್ಮ ಸಂನ್ಯಾಸಿ. ಅವನಿಗೆ ಪೂರ್ತಿ ಬಲ ಕೊಡಿ. ಅವನು ಕುಮಟೆಯ ಕಡೆಯ ಹುಡುಗ ಆಗಿರಲಿ, ಅವನ ಮನೆಯಲ್ಲೂ ತೆಂಗಿನ ಮರ ಇರಲಿ. ಈ ಯೋಜನೆಯಿಂದ ದೇಶಕ್ಕೆ ಒಳ್ಳೆಯದಾಗುತ್ತದೆ ಎಂದು ಅವನು ಮನಸಾರೆ ನಂಬಿರಲಿ. ಬಿಸಿಲಿಗೆ ಬಂದವನಿಗೆ ಅಜ್ಜಿ ಬೆಲ್ಲ, ನೀರು ಕೊಡದೆ ಇರುತ್ತಾರಾ? ಕೊಟ್ಟೇ ಕೊಡುತ್ತಾರೆ. ಅವನು ಕೆಲಸದ ರೀತಿಯಲ್ಲಿ ಕೇಳಲಿ: ಈ ಮರಕ್ಕೆ ಎಷ್ಟು ವರ್ಷ? ಮರದ ಪ್ರಾಯ ನೋಡಿ ಪರಿಹಾರ ಬರೆಯಬೇಕಲ್ಲ. ಅಜ್ಜಿ ಹೇಳಲಿ: ಅಪ್ಪ ಜೈಲಿನಿಂದ ಬಂದ ವರ್ಷ ನೆಟ್ಟದ್ದು. ಅವನು ಅದನ್ನು ವರ್ಷದ ಲೆಕ್ಕಕ್ಕೆ ಇಳಿಸಿ ಬರೆದುಕೊಳ್ಳಲಿ. ಹಳೆಯ ಮರ ಎಂದು ದರ ಕಡಿಮೆಯಾಗಲಿ. ಅಲ್ಲಿಗೆ ನಿಲ್ಲಿಸಿ. ಯಾರೂ ಏನೂ ವಿವರಿಸುವುದು ಬೇಡ. ಮುತ್ತಜ್ಜನ ದೇಶವೂ ಬಂತು, ಅಜ್ಜಿಯ ದೇಶವೂ ಬಂತು, ಆ ಹುಡುಗನ ದೇಶವೂ ಬಂತು. ಮೂವರೂ ಒಂದೇ ಮರದ ಕೆಳಗೆ ನಿಂತಿದ್ದಾರೆ.

ಕವಿತೆ ಬರೆಯುವುದಾದರೆ ಇನ್ನೂ ಕಡಿಮೆ ಸಾಕು. ನಿಮ್ಮ ಪುಟದ ಸಾಮಾನಿನಿಂದಲೇ ನಾಲ್ಕು ಸಾಲು ಜೋಡಿಸಿ ನೋಡಿದೆ:

ಮರಕ್ಕೆ ಹದಿನಾಲ್ಕು ಎಂದು ಬರೆದು ಹೋದರು.
ಅಜ್ಜಿಗೆ ಅದು ಈಗಲೂ ಬಾವಿಕಟ್ಟೆ ಮರ.
ಬಾವಿ ಇಲ್ಲ, ಕಟ್ಟೆ ಇಲ್ಲ, ಮರವೂ ಇಲ್ಲ;
ಕಡತದಲ್ಲಿ ಹದಿನಾಲ್ಕು ಇನ್ನೂ ಹಸಿರು.

ಇದ್ದುದರಲ್ಲಿ ಕೊನೆಯ ಸಾಲು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಸ್ವಲ್ಪ ಜಾಣತನ ಜಾಸ್ತಿಯಾಯಿತು. ನೀವು ಮೂರನೆಯ ಸಾಲಿಗೇ ನಿಲ್ಲಿಸಿದರೂ ಆದೀತು.

ಇನ್ನು ಭಾಷೆ. ಕಾರವಾರದ ಕಡೆ ಒಂದೇ ಕೇರಿಯಲ್ಲಿ ಕೊಂಕಣಿ, ಹಾಲಕ್ಕಿಗಳ ಕನ್ನಡ, ನಾಡವರ ಕನ್ನಡ, ಸ್ವಲ್ಪ ಮರಾಠಿ ಎಲ್ಲ ಕೇಳುತ್ತದೆ. ಘಟ್ಟ ಹತ್ತಿದರೆ ಹವಿಗನ್ನಡ. ದೇಶದ ಬಗ್ಗೆ ಬರೆಯುವ ಕಾದಂಬರಿಯಲ್ಲಿ ಇದು ಅಡ್ಡಿ ಅಲ್ಲ, ಇದೇ ವಿಷಯ. ಅಜ್ಜಿಯ ಮಾತನ್ನು ಪುಟಗಟ್ಟಲೆ ಕೊಂಕಣಿಯಲ್ಲಿ ಬರೆದರೆ ಘಟ್ಟದ ಮೇಲಿನವರಿಗೆ ತಿಳಿಯುವುದಿಲ್ಲ. ಪುಸ್ತಕದ ಕನ್ನಡದಲ್ಲಿ ಬರೆದರೆ ಅಜ್ಜಿ ಸಾಯುತ್ತಾರೆ. ನಾನು ನೋಡಿದಂತೆ ನಡುವಿನ ಒಂದು ದಾರಿ ಕೆಲಸ ಮಾಡುತ್ತದೆ. ಅವರು ಮನುಷ್ಯರನ್ನು ಕರೆಯುವ ಮಾತು, ದನ ಕರೆಯುವ ಮಾತು, ಬೈಗುಳ, ದೇವರಿಗೆ ಹೇಳಿಕೊಳ್ಳುವ ಮಾತು, ಮರ-ಗಿಡ-ಮೀನಿನ ಹೆಸರು ಇವನ್ನು ಕೊಂಕಣಿಯಲ್ಲೇ ಬಿಡಿ. ಅಡಿಟಿಪ್ಪಣಿ ಹಾಕಬೇಡಿ. ಉಳಿದದ್ದು ಸರಳ ಕನ್ನಡದಲ್ಲಿ, ಚಿಕ್ಕ ಚಿಕ್ಕ ಮಾತಿನಲ್ಲಿ ಇರಲಿ.

ನಂಬರ್ ಬರೆಯುವ ಹುಡುಗ ಕನ್ನಡದಲ್ಲಿ ‘ತೆಂಗಿನ ಮರ’ ಎಂದು ಬರೆದುಕೊಳ್ಳುತ್ತಾನೆ. ಅಜ್ಜಿ ತಡೆದು ಕೊಂಕಣಿಯಲ್ಲಿ ‘ಮಾಡ’ ಎನ್ನುತ್ತಾರೆ. ಅವನು ‘ಏನು ಮಾಡಬೇಕು?’ ಎಂದು ಕೇಳುತ್ತಾನೆ. ಅಜ್ಜಿ ಮರದ ಕಾಂಡಕ್ಕೆ ಅಂಗೈ ಇಟ್ಟು ಮತ್ತೆ ‘ಮಾಡ’ ಎನ್ನುತ್ತಾರೆ. ಓದುವವರಿಗೆ ಅರ್ಥವಾಗುತ್ತದೆ, ಬಿಡಿ.

ತಿದ್ದಿದ ಪುಟ ಕಳಿಸಿ, ಓದುತ್ತೇನೆ. ಅದಕ್ಕೂ ಮೊದಲು ಒಂದು ಸಂಜೆ ಅಜ್ಜಿಯ ಹತ್ತಿರ ಕೂತು ಆ ಮರ ವರ್ಷಕ್ಕೆ ಎಷ್ಟು ಕಾಯಿ ಬಿಡುತ್ತಿತ್ತು, ಕೊಯ್ಯಲು ಯಾರು ಹತ್ತುತ್ತಿದ್ದರು, ಅವರಿಗೆ ಎಷ್ಟು ಕಾಯಿ ಕೊಡುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ.